ಒಂದು ಫ್ಲ್ಯಾಟು, ನಾಲ್ಕು ಬೆಲೆ

ಪುಣೆಯಲ್ಲಿ ಬಾಡಿಗೆ ಮನೆಯಲ್ಲಿರುವವನನ್ನು ಮನೆಯ ಮಾಲೀಕ ಬೇಕಾದರೆ ಸುಮ್ಮನೆ ಬಿಟ್ಟಾನು, ನಮ್ಮ ಕನ್ನಡದ ಜನ ಬಿಡುವುದಿಲ್ಲ. ಫರ್ಗ್ಯುಸನ್ ಕಾಲೇಜ್ ರಸ್ತೆಯ ವೈಶಾಲಿಯಲ್ಲಿ ಟೇಬಲ್ಲಿಗಾಗಿ ಸರದಿ ಕಾಯುತ್ತಿದ್ದರೂ ಸರಿ, ಕನ್ನಡ ಸಂಘದ ಕಾರ್ಯಕ್ರಮದಲ್ಲಿ ನಾಡಗೀತೆ ಮುಗಿದು ಆಗಷ್ಟೇ ಕೂತಿದ್ದರೂ ಸರಿ, ಯಾರೋ ಒಬ್ಬರು ಕೇಳಿಯೇ ಬಿಡುತ್ತಾರೆ: "ಇನ್ನೂ ಬಾಡಿಗಿ ಮನ್ಯಾಗ ಅದೀರೇನ್ರಿ? ತಿಂಗಳಾ ಎಷ್ಟ ಕೊಡ್ತೀರಿ? ಇಪ್ಪತ್ತೈದು ಸಾವಿರಾ? ಅಯ್ಯ, ಅದಕ್ಕ ಇನ್ನೊಂದು ಹದಿನೈದು ಸೇರಿಸಿದ್ರ ಸ್ವಂತದ್ದ ಆಗ್ತದಲ್ರೀ!" ಪುಣೆಯ ಕಟ್ಟಡಗಳಿಗೆ ಸಿಮೆಂಟು, ಉಕ್ಕು ಎಲ್ಲ ಆಮೇಲೆ ಬಿದ್ದದ್ದು. ಅಡಿಪಾಯ ಮಾತ್ರ ಈ 'ಇನ್ನೊಂದು ಹದಿನೈದು ಸೇರಿಸಿದ್ರ' ಎಂಬ ಮಾತಿನದ್ದೇ.

ನನ್ನ ತಮ್ಮನ ಮಗನೂ ಈ ಮಾತಿಗೆ ಬಿದ್ದ. ವಿಜಯಪುರದ ಹುಡುಗ. ಅವನಿಗೆ ಹಿಂಜವಡಿಯಲ್ಲಿ ಕೆಲಸ, ಹೆಂಡತಿಗೆ ಖರಾಡಿಯಲ್ಲಿ. ಒಂದು ಊರಿನ ಈ ತುದಿ, ಇನ್ನೊಂದು ಆ ತುದಿ. ನಡುವೆ ಇರುವುದೆಲ್ಲ ಟ್ರಾಫಿಕ್ಕು. ಒಂದು ಭಾನುವಾರ ಇಬ್ಬರೂ ಸ್ಯಾಂಪಲ್ ಫ್ಲ್ಯಾಟ್ ನೋಡಿ ಬಂದರು. ಬಂದವನ ಮುಖದಲ್ಲಿ ಆಗಲೇ ಗೃಹಪ್ರವೇಶದ ಕಳೆ.

"ಕಾಕಾ, ಭಾರೀ ಏರಿಯಾ. ಎನ್‌ಐಬಿಎಂ ಅನೆಕ್ಸ್!"

ಈ ಹೆಸರಿನ ಕಥೆ ಗೊತ್ತಿರಲಿ. ಕೊಂಢವಾದಲ್ಲಿ ಬ್ಯಾಂಕ್ ಅಧಿಕಾರಿಗಳಿಗೆ ಪಾಠ ಹೇಳುವ ರಾಷ್ಟ್ರೀಯ ಬ್ಯಾಂಕ್ ಆಡಳಿತ ಸಂಸ್ಥೆ ಇದೆ. ಅದರ ಹೆಸರು ಮುಂದಿನ ರಸ್ತೆಗೆ ಬಂತು, ರಸ್ತೆಯದ್ದು ಬಡಾವಣೆಗೆ ಬಂತು, ಬಡಾವಣೆ ಉಂಡ್ರಿಯ ಕಡೆಗೆ ಬೆಳೆದಂತೆ ಹೆಸರಿಗೂ ಒಂದು ಬಾಲ ಬೆಳೆಯಿತು. ಬ್ಯಾಂಕಿನವರ ಹೆಸರು ಕೇಳಿ ಬೆಲೆ ಏರುವ ಜಾಗ ಇದೊಂದೇ ಇರಬೇಕು. ಬ್ಯಾಂಕಿನವರೇ ಖುದ್ದು ಬಂದರೆ ಬೆಲೆ ಇಳಿಯುತ್ತದೆ. ಆ ಮಾತು ಆಮೇಲೆ.

"ಹಿಂಜವಡಿಗೆ ಎಷ್ಟೊತ್ತು?" ಎಂದೆ.

"ಸೇಲ್ಸಿನವರು ಮೂವತ್ತೈದು ನಿಮಿಷ ಅಂದ್ರು."

"ರಾತ್ರಿ ಮೂರು ಗಂಟೆಗೇನು?"

ಅವನು ಸುಮ್ಮನಾದ. ಸೊಸೆ ಸುಮ್ಮನಾಗುವವಳಲ್ಲ. ಸ್ಯಾಂಪಲ್ ಫ್ಲ್ಯಾಟಿನ ಮಂಚ ಆರು ಅಡಿಯೂ ಇರಲಿಲ್ಲ, ಕೋಣೆಗಳಿಗೆ ಬಾಗಿಲೇ ಇರಲಿಲ್ಲ, ಗೋಡೆ ತುಂಬ ಕನ್ನಡಿ ಇತ್ತು ಎಂದು ಅವಳು ಆಗಲೇ ಗುರುತು ಹಾಕಿಕೊಂಡಿದ್ದಳು. ಜಾಹೀರಾತಿನ ಮೇಲಿದ್ದ, ರಾಜ್ಯದ ರಿಯಲ್ ಎಸ್ಟೇಟ್ ಪ್ರಾಧಿಕಾರವಾದ ಮಹಾರೇರಾದ ಕ್ಯೂಆರ್ ಕೋಡನ್ನೂ ಮೊಬೈಲಿನಲ್ಲಿ ತೆರೆದು ನೋಡಿದ್ದಳು. 2023ರ ಆಗಸ್ಟ್‌ನಿಂದ ಮಹಾರಾಷ್ಟ್ರದಲ್ಲಿ ಬಿಲ್ಡರ್ ಜಾಹೀರಾತಿಗೆ ಅದು ಕಡ್ಡಾಯ. ಸೇಲ್ಸಿನವರು ಬಾಯಲ್ಲಿ ಹೇಳಿದ ಪಝೇಶನ್ ತಾರೀಕಿಗೂ ಅಲ್ಲಿ ನೋಂದಾಯಿಸಿದ ತಾರೀಕಿಗೂ ಒಂದೂವರೆ ವರ್ಷದ ಅಂತರವಿತ್ತು. ಬಾಯಿಮಾತಿಗೆ ನೋಂದಣಿ ಇಲ್ಲ ನೋಡಿ, ಅದಕ್ಕೇ ಅದು ಯಾವಾಗಲೂ ಬೇಗ ಮುಗಿಯುತ್ತದೆ.

ಮೇಲಾಗಿ ಕಟ್ಟುತ್ತಿರುವ ಫ್ಲ್ಯಾಟಿಗೆ ಶೇ 5 ಜಿಎಸ್‌ಟಿ. 70 ಲಕ್ಷಕ್ಕೆ ಮೂರೂವರೆ ಲಕ್ಷ. ಪೂರ್ಣತೆಯ ಪ್ರಮಾಣಪತ್ರ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ಇದು ತಿಳಿದದ್ದೇ ಗಂಡಹೆಂಡಿರಿಬ್ಬರೂ ಅನೆಕ್ಸ್ ಬಿಟ್ಟು ವಾರಜೆಯ ಕಡೆ ರೀಸೇಲ್ ಫ್ಲ್ಯಾಟ್ ಹುಡುಕಲು ಹೊರಟರು. ಒಂದು ಸಿಕ್ಕಿತು. ಸೊಸೈಟಿಯ ಲಿಫ್ಟಿನ ಪಕ್ಕದಲ್ಲಿ ಬೋರ್ಡು: ಮಧ್ಯಾಹ್ನ 1ರಿಂದ 4ರವರೆಗೆ ಯಾರ ಮನೆಯ ಬೆಲ್ಲನ್ನೂ ಒತ್ತಬಾರದು. ಅಪ್ಪಟ ಪುಣೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಮಾರುವವನು ಹೇಳಿದ ಬೆಲೆ 70 ಲಕ್ಷ. ಇದು ಮೊದಲನೆಯ ಬೆಲೆ. ಎಲ್ಲರಿಗೂ ಗೊತ್ತಿರುವುದು ಇದೊಂದೇ, ಜನ ಮೋಸಹೋಗುವುದೂ ಇದೊಂದನ್ನೇ ನಂಬಿ.

ಎರಡನೆಯದು ಸರ್ಕಾರದ ಬೆಲೆ. ರೆಡಿ ರೆಕನರ್ ಎನ್ನುತ್ತಾರೆ. ಯಾವ ಪೇಟೆ, ಯಾವ ಸರ್ವೇ ನಂಬರಿನಲ್ಲಿ ಚದರ ಮೀಟರಿಗೆ ಎಷ್ಟು ಎಂಬುದನ್ನು ನೋಂದಣಿ ಇಲಾಖೆ ಪಟ್ಟಿ ಮಾಡಿಟ್ಟಿರುತ್ತದೆ. ಇಡೀ ಮಹಾರಾಷ್ಟ್ರದ ನೋಂದಣಿ ಮಹಾನಿರೀಕ್ಷಕರ ಕಚೇರಿ ಇರುವುದು ಪುಣೆಯಲ್ಲೇ. ಬರೆಯುವವರು ನಮ್ಮೂರಿನವರೆಂದು ರಿಯಾಯಿತಿ ಏನೂ ಇಲ್ಲ. ಹೊಸ ದರ ಜಾರಿಗೆ ಬರುವುದು ಏಪ್ರಿಲ್ 1ಕ್ಕೆ. ಗಮನಿಸಿದ್ದೀರಾ? ಮನೆಯ ವ್ಯವಹಾರದಲ್ಲಿ ದೊಡ್ಡ ಸಂಗತಿಗಳೆಲ್ಲ ನಡೆಯುವುದು ಇದೇ ದಿನ. ಫ್ಲ್ಯಾಟಿನ ಜಿಎಸ್‌ಟಿ ಶೇ 5 ಆದದ್ದು 2019ರ ಏಪ್ರಿಲ್ 1ರಂದು. ಪುಣೆಯಲ್ಲಿ ಮುದ್ರಾಂಕ ಶುಲ್ಕದ ಮೇಲೆ ಮೆಟ್ರೋದ ಶೇ 1 ಕೂತದ್ದು 2022ರ ಏಪ್ರಿಲ್ 1ರಂದು. 2025ರ ಏಪ್ರಿಲ್ 1ರಂದು ರೆಡಿ ರೆಕನರ್ ರಾಜ್ಯದಲ್ಲಿ ಸರಾಸರಿ ಶೇ 4.39 ಏರಿತು. ಪುಣೆ ಪಾಲಿಕೆಯಲ್ಲಿ ಶೇ 4.16, ಪಿಂಪರಿ-ಚಿಂಚವಾಡದಲ್ಲಿ ಶೇ 6.69, ನಮ್ಮ ಕನ್ನಡದವರು ತುಂಬಿರುವ ಸೊಲ್ಲಾಪುರದಲ್ಲಿ ಶೇ 10.17. ಇಷ್ಟಾದರೂ ಅದನ್ನು ಯಾರೂ ತಮಾಷೆಯ ದಿನದ ಸುದ್ದಿ ಎಂದುಕೊಳ್ಳಲಿಲ್ಲ, ಏಕೆಂದರೆ ಚಲನ್ ನಿಜವಾದದ್ದೇ ಬಂತು.

ಈ ಸರ್ಕಾರದ ಬೆಲೆಯ ಗುಣವೇನೆಂದರೆ, ಅದಕ್ಕೆ ದೊಡ್ಡದನ್ನು ಕಂಡರೆ ಪ್ರೀತಿ. ಕರಾರಿನ ಬೆಲೆ, ರೆಡಿ ರೆಕನರ್ ಬೆಲೆ, ಈ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಮುದ್ರಾಂಕ. ಪುಣೆಯಲ್ಲಿ ಮುದ್ರಾಂಕ ಶೇ 5, ಸ್ಥಳೀಯ ಸಂಸ್ಥೆಗೆ 1, ಮೆಟ್ರೋಗೆ 1, ಒಟ್ಟು ಶೇ 7. ನೋಂದಣಿಗೆ ಹೆಚ್ಚೆಂದರೆ 30,000 ರೂಪಾಯಿ. "ಕರಾರಿನಲ್ಲಿ ಕಡಿಮೆ ಬರೆಯೋಣ, ಉಳಿದದ್ದು ಕೈಯಿಂದ ಕೈಗೆ" ಎಂಬ ಜಾಣರಿಗೂ ಉತ್ತರ ಸಿದ್ಧವಿದೆ. ಸರ್ಕಾರದ ಬೆಲೆ ಕರಾರಿನ ಬೆಲೆಗಿಂತ ಶೇ 10ಕ್ಕೂ ಹೆಚ್ಚು ಮೇಲಿದ್ದರೆ ಆ ವ್ಯತ್ಯಾಸ ಕೊಂಡವನ ಆದಾಯ ಎಂದು ಆದಾಯ ತೆರಿಗೆಯವರು ಲೆಕ್ಕ ಹಿಡಿಯುತ್ತಾರೆ. ಕೈಯಿಂದ ಕೈಗೆ ಹೋದ ಹಣಕ್ಕೆ ಬ್ಯಾಂಕು ಸಾಲವನ್ನೂ ಕೊಡುವುದಿಲ್ಲ.

ಇಲ್ಲೇ ಗಂಡಹೆಂಡಿರ ನಡುವೆ ಒಂದು ಸಣ್ಣ ಮಹಾಭಾರತ. ಕೊಳ್ಳುವವರೆಲ್ಲ ಹೆಂಗಸರೇ ಆದರೆ ಮುದ್ರಾಂಕದಲ್ಲಿ ಶೇ 1 ರಿಯಾಯಿತಿ. ಇದು ಬಂದದ್ದೂ 2021ರ ಏಪ್ರಿಲ್ 1ರಂದೇ. ಗಂಡನ ಹೆಸರು ಪಕ್ಕದಲ್ಲಿ ಬಂದರೆ ರಿಯಾಯಿತಿ ಹೋಯಿತು.

"ನನ್ನ ಹೆಸರಿಗೇ ಮಾಡ್ರಿ, ಎಪ್ಪತ್ತು ಸಾವಿರ ಉಳೀತದ," ಎಂದಳು ಸೊಸೆ, ಅಂಕಿಯಲ್ಲಿ ಎಲ್ಲೂ ತಪ್ಪಿಲ್ಲದೆ.

"ಹಂಗಾದ್ರ ಇಎಂಐ?"

"ಅದಕ್ಕೇನು, ನೀವು ಕಟ್ರಿ."

ಹುಡುಗ ನನ್ನ ಕಡೆ ನೋಡಿದ. ಹೆಸರಿಲ್ಲದವನು ಕಟ್ಟಿದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇಲ್ಲ ಎಂಬ ಅಸ್ತ್ರವನ್ನು ಅವನಿಗೆ ಒದಗಿಸಿದೆ. ಸೊಸೆ ತಕ್ಷಣ, ಹೊಸ ತೆರಿಗೆ ಪದ್ಧತಿ ಹಿಡಿದವರಿಗೆ ವಾಸದ ಮನೆಯ ಬಡ್ಡಿಗೆ ಹೇಗೂ ವಿನಾಯಿತಿ ಇಲ್ಲವೆಂದಳು. ಅದೂ ನಿಜ. ಕಡೆಗೆ ಇಬ್ಬರ ಹೆಸರೂ ಬಂತು. ಉಳಿಯದೆ ಹೋದ ಹಣ ಸಂಸಾರದ ಶಾಂತಿಗೆ ಕಟ್ಟಿದ ಮುದ್ರಾಂಕ ಎಂದುಕೊಳ್ಳಬೇಕು.

ಮೂರನೆಯದು ಬ್ಯಾಂಕಿನ ಬೆಲೆ. ಅಲ್ಲಿಗೆ ಹೋಗುವ ಮೊದಲು ಬ್ಯಾಂಕಿನ ಬಾಗಿಲು ದಾಟಬೇಕಲ್ಲ. ಒಂದು ಕಾಲಕ್ಕೆ ಪುಣೆಯ ಕನ್ನಡಿಗರಿಗೆ ಬ್ಯಾಂಕೆಂದರೆ ಹೆದರಿಕೆ ಇರಲಿಲ್ಲ. ಕೌಂಟರಿನ ಆಚೆ ಉಡುಪಿಯವರು, ಈಚೆ ಹೊಟೇಲಿನ ಶೆಟ್ಟರು. 1928ರಲ್ಲಿ ಪಿಗ್ಮಿ ಶುರುಮಾಡಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಒಯ್ದ ಸಿಂಡಿಕೇಟ್ ಬ್ಯಾಂಕು, ಉಡುಪಿಯ ಕಾರ್ಪೊರೇಶನ್ ಬ್ಯಾಂಕು, ಮಂಗಳೂರಿನ ವಿಜಯಾ ಬ್ಯಾಂಕು, ಎಲ್ಲ ನಮ್ಮವೇ. ವಿಜಯಾ ಬ್ಯಾಂಕು 2019ರಲ್ಲಿ ಬರೋಡಾದೊಳಗೆ ಸೇರಿತು. ಮರುವರ್ಷ ಸಿಂಡಿಕೇಟ್ ಕೆನರಾದೊಳಗೆ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನೊಳಗೆ. ತಾರೀಕು ಯಾವುದೆಂದು ಕೇಳಬೇಡಿ, ಏಪ್ರಿಲ್ 1. ಆಗ ಬ್ಯಾಂಕಿನವರು ಮನೆಗೆ ಬರುತ್ತಿದ್ದುದು ನಮ್ಮ ಎರಡಾಣೆ ತೆಗೆದುಕೊಳ್ಳಲು. ಈಗ ಬ್ಯಾಂಕಿಗೆ ಸಾಲಗಾರರನ್ನು ಹಿಡಿದು ಕೊಡುವ ಡಿಎಸ್‌ಎ ಎಂಬ ಏಜೆಂಟ್ ಹುಡುಗ ಐವತ್ತು ಲಕ್ಷ ಕೊಡುತ್ತೇನೆಂದು ಬರುತ್ತಾನೆ. ಎರಡಾಣೆಯವನನ್ನು ನಂಬಬಹುದಿತ್ತು.

ಡಿಎಸ್‌ಎ ಹುಡುಗ "ಸರ್, ಬರೀ ನಾಲ್ಕು ಪೇಪರ್" ಎಂದ. ನಾಲ್ಕು ಪೇಪರಿನ ವಿವರ ಇಷ್ಟು: ಮೂರು ತಿಂಗಳ ಸಂಬಳದ ಚೀಟಿ, ಎರಡು ವರ್ಷದ ಫಾರ್ಮ್ 16, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಆಧಾರ್, ಪ್ಯಾನ್, ಕಂಪನಿಯ ಐಡಿ, ಬಾಡಿಗೆ ಕರಾರು, ಇಬ್ಬರ ಫೋಟೋ, ಎಲ್ಲದರ ಮೇಲೂ ಸಹಿ. ಸ್ಟೇಟ್‌ಮೆಂಟಿನಲ್ಲಿ ಊರಿಂದ ಅಪ್ಪ ಹಾಕಿದ ಎರಡು ಲಕ್ಷ ಕಂಡು ಬ್ಯಾಂಕಿನವರು "ಇದು ಏನು?" ಎಂದು ಕೇಳಿದರು. "ಪ್ರೀತಿ" ಎಂದು ಬರೆದು ಕೊಡಲು ಕಾಲಂ ಇರಲಿಲ್ಲ.

ಆಮೇಲೆ ಸಿಬಿಲ್. 300ರಿಂದ 900ರವರೆಗಿನ ಅಂಕ. ಸಾಲವನ್ನೇ ಮಾಡದೆ ಮರ್ಯಾದೆಯಾಗಿ ಬದುಕಿದವನಿಗೆ ಇಲ್ಲಿ ಅಂಕವೇ ಇಲ್ಲ. ಸಾಲ ಮಾಡಿ ತೀರಿಸಿದವನು ಜಾಣ ವಿದ್ಯಾರ್ಥಿ. ನಮ್ಮ ಹುಡುಗನ ಅಂಕ ಚೆನ್ನಾಗಿತ್ತು, ಆದರೆ ಎಂದೋ ಬಿಟ್ಟ ಕ್ರೆಡಿಟ್ ಕಾರ್ಡಿನ ವಾರ್ಷಿಕ ಶುಲ್ಕ ನಾನೂರು ಚಿಲ್ಲರೆ ರೂಪಾಯಿ ಬಾಕಿ ಎಂದು ವರದಿಯಲ್ಲಿ ನಮೂದಾಗಿತ್ತು. ನಾನೂರರ ಬಾಕಿಗೆ ಐವತ್ತು ಲಕ್ಷದ ಕಡತ ನಿಂತಿತು. ಮನೆ ನೋಡುವುದಕ್ಕೆ ಮೂರು ತಿಂಗಳು ಮೊದಲೇ ಸಿಬಿಲ್ ವರದಿ ತೆಗೆದು ನೋಡಿ ಎಂದು ಹೇಳುವುದು ಇದಕ್ಕೇ. ವರ್ಷಕ್ಕೊಮ್ಮೆ ಅದು ಪುಕ್ಕಟೆ ಸಿಗುತ್ತದೆ.

ಇಷ್ಟಾದ ಮೇಲೆ ಬಂದವರು ವ್ಯಾಲ್ಯೂಯರ್ ಸಾಹೇಬರು. ಬ್ಯಾಂಕಿನ ಪಟ್ಟಿಯಲ್ಲಿರುವ ಇಂಜಿನಿಯರು. ಬಂದದ್ದು ಸರಿಯಾಗಿ ಮಧ್ಯಾಹ್ನ ಎರಡಕ್ಕೆ, ಬೆಲ್ ಒತ್ತಬಾರದ ಹೊತ್ತಿಗೆ. ಒತ್ತಿದರು. ಹೆಣ್ಣು ನೋಡಲು ಬಂದ ಗಂಡಿನ ಕಡೆಯ ಹಿರಿಯರನ್ನು ನೀವು ಕಂಡಿದ್ದರೆ ಇವರ ವರ್ಣನೆ ಬೇಡ. ಕೊಟ್ಟ ಚಹಾ ಕುಡಿದರು, ಹೊಗಳಲಿಲ್ಲ, ತೆಗಳಲಿಲ್ಲ, ಮೂಲೆಯ ತೇವದ ಕಲೆಯನ್ನು ಮಾತ್ರ ಬಿಡದೆ ನೋಡಿದರು. ಲೇಸರ್ ಯಂತ್ರ ಹಿಡಿದು ಗೋಡೆಯಿಂದ ಗೋಡೆಗೆ ಅಳೆದರು. ಫೋಟೋ ತೆಗೆದರು. ಕೆಳಗಿಳಿದು ವಾಚ್‌ಮನ್‌ನ ಜೊತೆ ಬೀಡಿಯ ಹೊತ್ತು ನಿಂತರು. ಮಾರುವವನು ಬಿಚ್ಚದ ಸಂಗತಿಗಳೆಲ್ಲ ಅಲ್ಲಿ ಬಿಚ್ಚಿಕೊಂಡವು: ಬೇಸಿಗೆಯಲ್ಲಿ ಎಷ್ಟು ಟ್ಯಾಂಕರ್ ಬರುತ್ತದೆ, ಈ ಬಿಲ್ಡಿಂಗಿನಲ್ಲಿ ಕಡೆಯದಾಗಿ ಮಾರಿದ ಫ್ಲ್ಯಾಟು ಎಷ್ಟಕ್ಕೆ ಹೋಯಿತು.

ನದಿಯ ದೂರವನ್ನೂ ಕೇಳಿದರು. ಪುಣೆಯಲ್ಲಿ ಈ ಪ್ರಶ್ನೆ ಶೋಕಿಯದ್ದಲ್ಲ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಮುಠಾ ನದಿ ಪೇಟೆಗಳೊಳಗೆ ನುಗ್ಗಿದ್ದನ್ನು ಹಳಬರು ಇನ್ನೂ ಹೇಳುತ್ತಾರೆ. 2024ರ ಜುಲೈನಲ್ಲಿ ಸಿಂಹಗಡ ರಸ್ತೆಯ ಏಕತಾ ನಗರಿಯ ಮನೆಗಳಿಗೆ ನೀರು ಹೊಕ್ಕದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಗೆ ನೀಲಿ ಗೆರೆ, 100 ವರ್ಷದ ನೆರೆಗೆ ಕೆಂಪು ಗೆರೆ ಎಂದು ನಕ್ಷೆಯಲ್ಲಿ ಹಾಕಿರುತ್ತಾರೆ. 'ರಿವರ್ ವ್ಯೂ' ಎಂದು ಮಾರುವವನು ಹೆಚ್ಚು ಬೆಲೆ ಕೇಳುವ ಬಾಲ್ಕನಿಗೇ ವ್ಯಾಲ್ಯೂಯರ್ ಬೆಲೆ ಇಳಿಸುತ್ತಾರೆ.

ನಮ್ಮವರ ಫ್ಲ್ಯಾಟು ನದಿಯಿಂದ ಪಾರಾಯಿತು, ಟೆರೇಸಿನಲ್ಲಿ ಸಿಕ್ಕಿಬಿತ್ತು. ಪುಣೆಯ ಹಳೆಯ ಫ್ಲ್ಯಾಟುಗಳಲ್ಲಿ ಹಾಲಿಗೆ ತಾಗಿ ಒಂದು ತೆರೆದ ಟೆರೇಸ್ ಇರುತ್ತದೆ. ಮಕ್ಕಳು ದೊಡ್ಡವರಾದ ಹಾಗೆ ಅದಕ್ಕೆ ಮೇಲೆ ಶೀಟು, ಸುತ್ತ ಕಿಟಕಿ ಬಂದು ಅದೊಂದು ಕೋಣೆಯಾಗುತ್ತದೆ. ಮಾರುವಾಗ "ಎರಡೂವರೆ ಬಿಎಚ್‌ಕೆ" ಎನ್ನುತ್ತಾರೆ. ಸಾಹೇಬರು ಪಾಲಿಕೆ ಮಂಜೂರು ಮಾಡಿದ ನಕ್ಷೆ ಬಿಡಿಸಿದರು. ಅದರಲ್ಲಿ ಅರ್ಧ ಕೋಣೆ ಇರಲಿಲ್ಲ. ಮಾರುವವನು ಆ ಅರ್ಧದಲ್ಲಿ ಹತ್ತು ವರ್ಷ ಮಲಗಿ ಎದ್ದಿದ್ದರೂ ಬ್ಯಾಂಕಿನ ಪಾಲಿಗೆ ಅದು ಹುಟ್ಟೇ ಇಲ್ಲ. ಬ್ಯಾಂಕಿನವರು ವರದಿಯ ಪ್ರತಿ ಕೊಡಲಿಲ್ಲ, ಅಂಕಿ ಮಾತ್ರ ಹೇಳಿದರು: 65 ಲಕ್ಷ.

ಸರ್ಕಾರಕ್ಕೆ ದೊಡ್ಡದು ಪ್ರೀತಿ ಎಂದೆನಲ್ಲ, ಬ್ಯಾಂಕಿಗೆ ಚಿಕ್ಕದು ಪ್ರೀತಿ. ಕರಾರಿನ ಬೆಲೆ, ವ್ಯಾಲ್ಯೂಯರ್ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಸಾಲ. ಅದೂ ಪೂರ್ತಿ ಅಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30 ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ 90, ಅಲ್ಲಿಂದ 75 ಲಕ್ಷದವರೆಗೆ ಶೇ 80, ಅದರಾಚೆ ಶೇ 75 ಮೇಲ್ಮಿತಿ. ಇಂಥ ಮನೆಗಳಿಗೆ ಮುದ್ರಾಂಕ, ನೋಂದಣಿಯ ಖರ್ಚನ್ನು ಈ ಬೆಲೆಯಲ್ಲಿ ಸೇರಿಸುವಂತಿಲ್ಲ.

ಈಗ ಕೂಡಿಸಿ ಕಳೆಯೋಣ. 70 ಲಕ್ಷದ ಶೇ 80 ಎಂದರೆ 56 ಲಕ್ಷ ಸಾಲ, ಕೈಯಿಂದ 14 ಲಕ್ಷ ಎಂದು ಹುಡುಗ ಲೆಕ್ಕ ಹಾಕಿದ್ದ. 65 ಲಕ್ಷದ ಶೇ 80 ಎಂದರೆ 52 ಲಕ್ಷ. ಕೈಯಿಂದ 18 ಆಯಿತು. ಸರ್ಕಾರದ ಬೆಲೆ ಕರಾರಿಗಿಂತ ಕಡಿಮೆಯೇ ಇದ್ದುದರಿಂದ ಮುದ್ರಾಂಕ 70 ಲಕ್ಷದ ಮೇಲೆ: 4 ಲಕ್ಷ 90 ಸಾವಿರ. ನೋಂದಣಿ 30 ಸಾವಿರ. ಒಟ್ಟು 23 ಲಕ್ಷ 20 ಸಾವಿರ. ಬ್ಯಾಂಕಿನ ಸಂಸ್ಕರಣಾ ಶುಲ್ಕ, 30 ವರ್ಷದ ಕಾಗದಪತ್ರ ಹುಡುಕುವ ವಕೀಲರ ಶುಲ್ಕ, ಏಜೆಂಟನ ಕಮಿಷನ್ ಬೇರೆ. ಸೊಸೈಟಿಯ ವರ್ಗಾವಣೆ ಶುಲ್ಕಕ್ಕೆ ಪಾಲಿಕೆ ವ್ಯಾಪ್ತಿಯಲ್ಲಿ 25,000 ರೂಪಾಯಿಯ ಮಿತಿ ಇದೆ. ಅದರ ಮೇಲೆ ಕೇಳುವುದಕ್ಕೆ 'ಸ್ವಇಚ್ಛೆಯ ದೇಣಿಗೆ' ಎನ್ನುತ್ತಾರೆ. ಇಚ್ಛೆ ಕಮಿಟಿಯದು, ದೇಣಿಗೆ ನಿಮ್ಮದು.

ಒಂದೇ ಫ್ಲ್ಯಾಟು, ಒಂದೇ ದಿನ. ತೆಗೆದುಕೊಳ್ಳುವ ಸರ್ಕಾರ ದೊಡ್ಡ ಅಂಕಿ ಹಿಡಿಯುತ್ತದೆ, ಕೊಡುವ ಬ್ಯಾಂಕು ಚಿಕ್ಕ ಅಂಕಿ ಹಿಡಿಯುತ್ತದೆ. ನಡುವಿನದನ್ನು ತುಂಬಿಕೊಡುವವನಿಗೆ 'ಮೊದಲ ಬಾರಿ ಮನೆ ಕೊಳ್ಳುವವನು' ಎಂದು ಹೆಸರು.

ನಾಲ್ಕನೆಯದು ನೆಂಟರ ಬೆಲೆ. ಇದಕ್ಕೆ ಇಲಾಖೆ ಇಲ್ಲ, ನಿಯಮ ಇಲ್ಲ, ಮೇಲ್ಮಿತಿಯಂತೂ ಇಲ್ಲವೇ ಇಲ್ಲ. ಕೊಳ್ಳುವ ಮೊದಲು ಅವರ ಪ್ರಕಾರ ಎಲ್ಲವೂ ದುಬಾರಿ: "ಎಪ್ಪತ್ತಾ? ನಮ್ಮ ಕಾಲದಾಗ ಅಷ್ಟಕ್ಕ ಕೋಥರೂಡದಾಗ ಬಿಲ್ಡಿಂಗ್ ಬರ್ತಿತ್ತು." ಕೊಂಡ ಮೇಲೆ ಎಲ್ಲವೂ ಅಗ್ಗ: "ಮೊನ್ನೆ ಬಾಜೂ ಸೊಸೈಟ್ಯಾಗ ಒಂದು ಕೋಟಿಗೆ ಹೋತಂತ." ಈ 'ಅಂತ'ಕ್ಕೆ ಮದ್ದು ಇಂಡೆಕ್ಸ್ ಟೂ. ನೋಂದಣಿಯಾದ ಪ್ರತಿ ವ್ಯವಹಾರದ ಸಾರ ಒಂದು ಹಾಳೆಯಲ್ಲಿ ಇರುತ್ತದೆ: ಎಷ್ಟು ಅಳತೆ, ಎಷ್ಟು ಬೆಲೆ, ಯಾವ ತಾರೀಕು. ನೋಂದಣಿ ಇಲಾಖೆಯ ಜಾಲತಾಣದಲ್ಲಿ ಹುಡುಕಿದರೆ ಸಿಗುತ್ತದೆ. ಸೊಸೆ ಹುಡುಕಿದಳು. ಬಾಜೂ ಸೊಸೈಟಿಯ ಒಂದು ಕೋಟಿಯ ಫ್ಲ್ಯಾಟು ಹಾಳೆಯಲ್ಲಿ 66 ಲಕ್ಷಕ್ಕೆ ಮಲಗಿತ್ತು. ಬ್ಯಾಂಕಿನ 65, ಇಂಡೆಕ್ಸಿನ 66, ಈ ಎರಡನ್ನು ಕೈಯಲ್ಲಿ ಹಿಡಿದು ಅವಳು ಮಾರುವವನ ಎದುರು ಕೂತಳು. 67ಕ್ಕೆ ಮುಗಿಯಿತು. ಕೈಯಿಂದ ಕೊಡುವ ಹಣ ಸುಮಾರು 20 ಲಕ್ಷಕ್ಕೆ ಇಳಿಯಿತು. ಕಂಪ್ಯೂಟರಿಗೆ ಬುದ್ಧಿ ಕಲಿಸುವ ನಮ್ಮ ಹುಡುಗ ಪಕ್ಕದಲ್ಲಿ ಕೂತು ಚಹಾ ಕುಡಿದ.

ಇನ್ನು ಆ 'ಇನ್ನೊಂದು ಹದಿನೈದು ಸೇರಿಸಿದ್ರ' ಎಂದ ಮಹಾನುಭಾವರ ಲೆಕ್ಕ. 52 ಲಕ್ಷಕ್ಕೆ ಶೇ 8ರಂತೆ 20 ವರ್ಷಕ್ಕೆ ಇಎಂಐ ಸುಮಾರು 43,500 ರೂಪಾಯಿ. ಮೊದಲ ಕಂತಿನಲ್ಲಿ ಬಡ್ಡಿಗೇ 34,667 ಹೋಗುತ್ತದೆ, ಅಸಲು ಕರಗುವುದು ಒಂಬತ್ತು ಸಾವಿರಕ್ಕೂ ಕಡಿಮೆ. 20 ವರ್ಷದಲ್ಲಿ ಕಟ್ಟುವುದು ಒಟ್ಟು ಒಂದು ಕೋಟಿ ನಾಲ್ಕು ಲಕ್ಷದಷ್ಟು. ಮೇಲೆ ಸೊಸೈಟಿಯ ಮೇಂಟೆನನ್ಸ್, ಪಾಲಿಕೆಯ ತೆರಿಗೆ, ಟ್ಯಾಂಕರಿನ ಪಾಲು.

ಆ ಶೇ 8 ಕೂಡ ಶಿಲಾಶಾಸನವಲ್ಲ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಬದಲಾಗುವ ಬಡ್ಡಿಯ ಗೃಹಸಾಲಗಳು ರಿಸರ್ವ್ ಬ್ಯಾಂಕಿನ ರೆಪೊ ದರದಂಥ ಹೊರಗಿನ ಅಳತೆಗೆ ಕಟ್ಟಿಕೊಂಡಿವೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೊ ಶೇ 4ರಿಂದ 6.5ಕ್ಕೆ ಏರಿದಾಗ ಎಷ್ಟೋ ಜನರ ಇಎಂಐ ಅಷ್ಟೇ ಉಳಿದು ಸಾಲದ ವರ್ಷ ಮಾತ್ರ ಸದ್ದಿಲ್ಲದೆ ಬೆಳೆಯಿತು. 2025ರಲ್ಲಿ ಅದೇ ರೆಪೊ ಇಳಿಯುತ್ತ ಡಿಸೆಂಬರ್‌ಗೆ 5.25 ಮುಟ್ಟಿತು. ಏರಿದ್ದು ತಾನಾಗಿ ಬಂದು ಖಾತೆಯಲ್ಲಿ ಕೂರುತ್ತದೆ. ಇಳಿದದ್ದು ನಿಮ್ಮ ಖಾತೆಗೆ ಬಂತೇ ಎಂದು ನೀವೇ ಕೇಳಬೇಕು. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮೊದಲೇ ತೀರಿಸಿದರೆ ದಂಡವಿಲ್ಲ. ವರ್ಷಕ್ಕೆ ಒಂದೇ ಒಂದು ಕಂತು ಹೆಚ್ಚು ಕಟ್ಟಿದರೆ ಈ ಲೆಕ್ಕದಲ್ಲಿ ಮೂರು ವರ್ಷ ಮೊದಲೇ ಋಣ ಹರಿಯುತ್ತದೆ. ಹರಿದ 30 ದಿನದೊಳಗೆ ಬ್ಯಾಂಕು ನಿಮ್ಮ ಮೂಲಪತ್ರಗಳನ್ನು ವಾಪಸ್ ಕೊಡಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ನಿಮಗೇ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಇಡೀ ಗೃಹಸಾಲದ ಪುರಾಣದಲ್ಲಿ ಬ್ಯಾಂಕು ನಿಮಗೆ ದಂಡ ಕೊಡುವ ಅಪರೂಪದ ಅಧ್ಯಾಯ ಇದು, ಬಾಯಿಪಾಠ ಮಾಡಿಕೊಳ್ಳಿ.

ಆದ್ದರಿಂದ, ಪುಣೆಯಲ್ಲೋ ಬೆಂಗಳೂರಲ್ಲೋ ಮೊದಲ ಮನೆ ನೋಡಲು ಹೊರಟವರೇ, ಸ್ಯಾಂಪಲ್ ಫ್ಲ್ಯಾಟಿಗೆ ಹೋಗುವ ಮೊದಲು ಬ್ಯಾಂಕಿಗೆ ಹೋಗಿ ಎಷ್ಟು ಸಾಲ ಹುಟ್ಟುತ್ತದೆ ಎಂದು ಕೇಳಿಕೊಳ್ಳಿ. ಮನೆ ಮೆಚ್ಚಿದ ಮೇಲೆ ಮಾರುವವನ ಬೆಲೆ, ಸರ್ಕಾರದ ಬೆಲೆ, ಬ್ಯಾಂಕಿನ ಬೆಲೆ, ಇಂಡೆಕ್ಸ್ ಟೂ ಬೆಲೆ, ನಾಲ್ಕನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ನೆಂಟರ ಬೆಲೆಯನ್ನು ಹಾಳೆಯ ಹಿಂದೆ ಬರೆದರೆ ಸಾಕು. ಬೆಲೆಯ ಮೂರನೇ ಒಂದು ಪಾಲು ಕೈಯಲ್ಲಿಲ್ಲದೆ ಹೆಜ್ಜೆ ಇಡಬೇಡಿ. ಟೋಕನ್ ಕೊಡುವಾಗ, ಬ್ಯಾಂಕು ಸಾಲ ಕೊಡದಿದ್ದರೆ ಅಥವಾ ಬೆಲೆ ಇಳಿಸಿದರೆ ಟೋಕನ್ ವಾಪಸ್ ಎಂದು ಮಾರುವವನಿಂದ ಬರೆಸಿಕೊಳ್ಳಿ. ಬರೆದು ಕೊಡಲು ಒಪ್ಪದಿದ್ದರೆ, ಟೆರೇಸ್ ಎಷ್ಟೇ ಚೆಂದವಿರಲಿ, ಎದ್ದು ಬನ್ನಿ. ಪುಣೆಯಲ್ಲಿ ಫ್ಲ್ಯಾಟುಗಳಿಗೇನೂ ಬರಗಾಲವಿಲ್ಲ.